ಐವತ್ತು ಪ್ರತಿಯ ಪತ್ರಿಕೆ



ಇಂದಿನ ಮಾತಿನ ವಿಷಯ ಪತ್ರಿಕೆಗಳಲ್ಲಿ ತೀರಾ ಸಣ್ಣ ಜಾತಿಯ ಒಂದು ಪತ್ರಿಕೆ. ಇಂಗ್ಲಿಷಿನಲ್ಲಿ ಅದಕ್ಕೆ ಫ್ಯಾನ್‌ಝೀನ್ ಎನ್ನುತ್ತಾರೆ. ಫ್ಯಾನ್ ಎಂದರೆ ಅಭಿಮಾನಿ. ಮ್ಯಾಗಝೀನ್ ಎಂದರೆ ಪತ್ರಿಕೆ ಎಂಬುದು ನಿಮಗೆ ಗೊತ್ತೇ ಇದೆ. ಎರಡು ಶಬ್ದಗಳ ತಲೆಯನ್ನೂ ಬಾಲವನ್ನೂ ಜೋಡಿಸಿ ಈ ಹೆಸರನ್ನು ಕಟ್ಟಿದವರು ಅಮೆರಿಕದ ರಸ್ ಶೋವನೇ ಎಂಬವರು, 1940ರಲ್ಲಿ. ಆಗ ಅದು ವಿಜ್ಞಾನ ಕಥೆಗಳ ಅಭಿಮಾನಿಗಳು ತಮ್ಮತಮ್ಮೊಳಗೆ ಹಂಚಿಕೊಳ್ಳುತ್ತಿದ್ದ ಹಾಳೆಗಳ ಹೆಸರಾಗಿತ್ತು. ಅನಂತರ ಸಂಗೀತದವರು ಅದನ್ನು ತಮ್ಮದಾಗಿಸಿಕೊಂಡರು.

ಅಭಿಮಾನಿ ಎಂದೊಡನೆ ನಮಗೆ ನೆನಪಾಗುವುದು ಚಿತ್ರನಟರ ಅಭಿಮಾನಿ ಸಂಘ, ಕಟೌಟು, ಹಾಲಿನ ಅಭಿಷೇಕ. ಇಲ್ಲಿ ಹೇಳುವ ಅಭಿಮಾನಿ ಬೇರೆ. ತನಗೆ ಇಷ್ಟವಾದ ಒಂದು ಕಲೆಯ ಬಗ್ಗೆ ದೊಡ್ಡ ಪತ್ರಿಕೆಗಳು ಒಂದು ಸಾಲನ್ನೂ ಬರೆಯದಿದ್ದಾಗ, 'ಹಾಗಾದರೆ ನಾನೇ ಬರೆಯುತ್ತೇನೆ' ಎಂದು ಪೆನ್ನು ಹಿಡಿಯುವವನು ಇವನು. ಅಚ್ಚಿನ ಮನೆಯಿಲ್ಲ, ಜಾಹೀರಾತಿಲ್ಲ, ಸಂಬಳವಿಲ್ಲ. ಬರೆಯುವವನೂ, ಹಾಳೆ ಮಡಚುವವನೂ, ಅಂಚೆಚೀಟಿ ಹಚ್ಚುವವನೂ ಅವನೇ.

ನಮ್ಮ ಗಡಿನಾಡಿನ ಕೇಳುಗರಿಗೆ ಇದನ್ನು ಬಹಳ ವಿವರಿಸಬೇಕಾಗಿಲ್ಲ. ಶಾಲೆಯಲ್ಲಿ ನಾವು ಕೈಬರಹ ಪತ್ರಿಕೆ ಮಾಡಿದವರು. ಪಕ್ಕದ ಮನೆಯ ಮಲಯಾಳಿ ಮಕ್ಕಳು ಅದನ್ನೇ ಕೈಯೆಳುತ್ತು ಮಾಸಿಕ ಎಂದರು. ಮಲಪ್ಪುರದಲ್ಲಿ ಮಣಂಬೂರ್ ರಾಜನ್‌ಬಾಬು ಎಂಬವರು ಅಂಚೆಯ ಒಂದು ಇನ್‌ಲ್ಯಾಂಡ್ ಕಾಗದದಲ್ಲೇ 'ಇನ್ನ್' ಎಂಬ ಮಾಸಿಕವನ್ನು ನಡೆಸಿದ್ದು ಮಲಯಾಳ ಓದುವವರಿಗೆ ತಿಳಿದಿದೆ. 'ಇನ್ನ್' ಎಂದರೆ ಇಂದು. ಮಡಚಿದರೆ ಕಾಗದ, ಬಿಚ್ಚಿದರೆ ಪತ್ರಿಕೆ.

ಇನ್ನೂ ಹಿಂದಕ್ಕೆ ಹೋದರೆ, ನಮ್ಮ ಎರಡೂ ಭಾಷೆಗಳ ಪತ್ರಿಕೋದ್ಯಮ ಆರಂಭವಾದದ್ದೇ ಸಣ್ಣದಾಗಿ, ಅದೂ ನಮ್ಮ ಅಕ್ಕಪಕ್ಕದಲ್ಲಿ. ಉತ್ತರಕ್ಕೆ ಮಂಗಳೂರು, ಅಲ್ಲಿ ಬಾಸೆಲ್ ಮಿಷನಿನ ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು 'ಮಂಗಳೂರ ಸಮಾಚಾರ' ಹೊರಡಿಸಿದರು. ದಕ್ಷಿಣಕ್ಕೆ ತಲಶ್ಶೇರಿ, ಅಲ್ಲಿ ಅದೇ ಮಿಷನಿನ ಹರ್ಮನ್ ಗುಂಡರ್ಟ್ 1847ರಲ್ಲಿ 'ರಾಜ್ಯಸಮಾಚಾರಂ' ಹೊರಡಿಸಿದರು. ಒಂದು ಕನ್ನಡದ ಮೊದಲ ಪತ್ರಿಕೆ, ಇನ್ನೊಂದು ಮಲಯಾಳದ ಮೊದಲ ಪತ್ರಿಕೆ. ಎರಡೂ ಕಲ್ಲಚ್ಚಿನಲ್ಲಿ ಮೂಡಿದವು. ಅಂದರೆ ಅಕ್ಷರದ ಮೊಳೆ ಜೋಡಿಸಿದ್ದಲ್ಲ, ಕೈಯಲ್ಲಿ ಬರೆದ ಅಕ್ಷರವನ್ನೇ ಕಲ್ಲಿನ ಮೇಲೆ ಇಳಿಸಿ ಕಾಗದಕ್ಕೆ ಒತ್ತಿದ್ದು. ಈ ಎರಡು ಊರುಗಳ ನಡುವೆ ಇರುವ ನಾವು ಸಣ್ಣ ಪತ್ರಿಕೆಯನ್ನು ಕಂಡು ನಗುವ ಹಾಗಿಲ್ಲ.

ಈಗ ಸಂಗೀತಕ್ಕೆ ಬರೋಣ. 1966ರ ಫೆಬ್ರವರಿಯಲ್ಲಿ ಅಮೆರಿಕದ ಸ್ವಾರ್ತ್‌ಮೋರ್ ಕಾಲೇಜಿನ ಪಾಲ್ ವಿಲಿಯಮ್ಸ್ ಎಂಬ ಹದಿನೇಳು ವರ್ಷದ ಹುಡುಗ 'ಕ್ರಾಡ್ಯಾಡಿ' ಎಂಬ ಪತ್ರಿಕೆಯನ್ನು ಆರಂಭಿಸಿದ. ಹತ್ತು ಪುಟ, ಐನೂರು ಪ್ರತಿ. ಸ್ಟೆನ್ಸಿಲ್ ಕೊರೆದು, ನಮ್ಮಲ್ಲಿ ಸೈಕ್ಲೋಸ್ಟೈಲ್ ಮಾಡುತ್ತಿದ್ದ ಹಾಗೆಯೇ ಮಸಿ ಉರುಳಿಸಿ ತೆಗೆದದ್ದು. ಆ ಕಾಲದಲ್ಲಿ ರಾಕ್ ಸಂಗೀತವೆಂದರೆ ಹುಡುಗರ ಗದ್ದಲ ಎಂದು ದೊಡ್ಡ ಪತ್ರಿಕೆಗಳು ತಿಳಿದಿದ್ದವು. ನಟಿಯರ ಉಡುಪಿನ ಸುದ್ದಿಯ ನಡುವೆ ಗಾಯಕರ ಕೇಶಾಲಂಕಾರದ ಸುದ್ದಿ ಬರುತ್ತಿತ್ತು. ಹಾಡನ್ನು ಹಾಡಾಗಿ ಕೇಳಿ, ಅದು ಯಾಕೆ ಚೆನ್ನಾಗಿದೆ, ಎಲ್ಲಿ ಸೋತಿದೆ ಎಂದು ಬರೆಯಬಹುದು ಎಂಬುದನ್ನು ಈ ಹುಡುಗ ತೋರಿಸಿಕೊಟ್ಟ.

ಹತ್ತು ವರ್ಷಗಳ ಬಳಿಕ, 1976ರ ಜುಲೈಯಲ್ಲಿ, ಲಂಡನ್ನಿನ ಮಾರ್ಕ್ ಪೆರಿ ಎಂಬ ಬ್ಯಾಂಕ್ ಗುಮಾಸ್ತ 'ಸ್ನಿಫಿನ್ ಗ್ಲೂ' ಎಂಬ ಪತ್ರಿಕೆ ಮಾಡಿದ. ಮೊದಲ ಸಂಚಿಕೆ ಸುಮಾರು ಐವತ್ತು ಪ್ರತಿ. ಮಕ್ಕಳ ಟೈಪ್‌ರೈಟರಿನಲ್ಲಿ ಕುಟ್ಟಿದ ಅಕ್ಷರ, ದಪ್ಪ ಪೆನ್ನಿನಲ್ಲಿ ಗೀಚಿದ ಶೀರ್ಷಿಕೆ. ವರ್ಷ ತುಂಬುವುದರೊಳಗೆ ಅದು ಸಾವಿರಗಟ್ಟಲೆ ಮಾರಾಟವಾಗತೊಡಗಿತು. ಆದರೆ 1977ರಲ್ಲಿ, ಪತ್ರಿಕೆ ಒಳ್ಳೆಯ ಓಟದಲ್ಲಿರುವಾಗಲೇ, ಪೆರಿ ಅದನ್ನು ನಿಲ್ಲಿಸಿಬಿಟ್ಟ. ನನ್ನದನ್ನೇ ಓದುತ್ತ ಕೂರಬೇಡಿ, ನಿಮ್ಮದನ್ನು ನೀವು ಮಾಡಿ ಎಂಬುದು ಅವನು ಓದುಗರಿಗೆ ಮತ್ತೆ ಮತ್ತೆ ಹೇಳಿದ ಮಾತಿನ ಸಾರ. ಹಾಗೆ ನೂರಾರು ಜನ ಮಾಡಿದರು ಕೂಡ.

ಅಂಥವರ ಸಾಲಿನಲ್ಲಿ ಬಂದವರು ಸೈಮನ್ ರೆನಾಲ್ಡ್ಸ್. 1984ರಲ್ಲಿ ಆಕ್ಸ್‌ಫರ್ಡಿನಲ್ಲಿ ಗೆಳೆಯರೊಡನೆ 'ಮಾನಿಟರ್' ಎಂಬ ಸಣ್ಣ ಪತ್ರಿಕೆ ನಡೆಸಿದವರು. ಹತ್ತು ವರ್ಷ ಕಳೆದು, 1994ರಲ್ಲಿ, ಇವರೇ ಒಂದು ಹೊಸ ಬಗೆಯ ಸಂಗೀತಕ್ಕೆ 'ಪೋಸ್ಟ್-ರಾಕ್' ಎಂಬ ಹೆಸರನ್ನು ಚಾಲ್ತಿಗೆ ತಂದರು. ನಮ್ಮ ವಿಮರ್ಶಕರು ನವ್ಯದ ನಂತರದ್ದನ್ನು ನವ್ಯೋತ್ತರ ಎಂದರಲ್ಲ, ಹಾಗೆ ಇದನ್ನು ರಾಕೋತ್ತರ ಎನ್ನಬಹುದು.

ಏನಿದು ರಾಕೋತ್ತರ? ರಾಕ್ ಸಂಗೀತದಲ್ಲಿ ಇರುವುದು ಗಿಟಾರು, ಬೇಸ್ ಗಿಟಾರು, ಡ್ರಮ್ಮು. ಮುಂದೆ ನಿಂತು ಹಾಡುವವನೊಬ್ಬ. ಮೂರು ನಾಲ್ಕು ನಿಮಿಷದ ಹಾಡು. ಪಲ್ಲವಿ, ಚರಣ, ಮತ್ತೆ ಪಲ್ಲವಿ. ಪೋಸ್ಟ್-ರಾಕಿನವರು ವಾದ್ಯಗಳನ್ನು ಅವೇ ಇಟ್ಟುಕೊಂಡರು, ಕೆಲಸವನ್ನು ಬದಲಾಯಿಸಿದರು. ಹಾಡುವವನು ಹಿಂದೆ ಸರಿದ, ಎಷ್ಟೋ ಸಲ ಇಲ್ಲವೇ ಇಲ್ಲ. ಗಿಟಾರು ರಾಗದ ಗೆರೆ ಎಳೆಯುವುದನ್ನು ಬಿಟ್ಟು ನಾದದ ಬಣ್ಣ ಬಳಿಯತೊಡಗಿತು. ಒಂದೊಂದು ಕೃತಿ ಹತ್ತು ನಿಮಿಷ, ಇಪ್ಪತ್ತು ನಿಮಿಷ. ಕೇಳಿಸಿತೋ ಇಲ್ಲವೋ ಎಂಬಷ್ಟು ಮೆಲ್ಲಗೆ ಆರಂಭ, ಅದೇ ನಾಲ್ಕು ಸ್ವರ ಮತ್ತೆ ಮತ್ತೆ, ಒಂದು ವಾದ್ಯ ಸೇರುತ್ತದೆ, ಇನ್ನೊಂದು ಸೇರುತ್ತದೆ, ಕೊನೆಗೆ ಕಿವಿಗಡಚಿಕ್ಕುವ ಭೋರ್ಗರೆತ, ಅನಂತರ ಮೌನ.

ಇದು ವಿದೇಶದ್ದು, ನಮಗೆ ಹಿಡಿಸದು ಎನ್ನುತ್ತೀರಾ? ಸ್ವಲ್ಪ ತಾಳಿ. ದೇವಸ್ಥಾನದ ಉತ್ಸವದಲ್ಲಿ ಪಂಚಾರಿ ಮೇಳ ಕೇಳಿದವರು ನೆನಪು ಮಾಡಿಕೊಳ್ಳಿ. ಅದರಲ್ಲಿ ಐದು ಕಾಲಗಳು. ಮೊದಲ ಕಾಲದಲ್ಲಿ ತಾಳದ ಒಂದು ಸುತ್ತಿಗೆ 96 ಅಕ್ಷರ. ಎರಡನೆಯದರಲ್ಲಿ 48, ಮೂರನೆಯದರಲ್ಲಿ 24, ಬಳಿಕ 12, ಕೊನೆಗೆ 6. ಅಂದರೆ ಪ್ರತಿ ಸಲವೂ ಸುತ್ತು ಅರ್ಧಕ್ಕೆ ಇಳಿಯುತ್ತದೆ, ವೇಗ ಏರುತ್ತದೆ. ಆರಂಭದಲ್ಲಿ ಚೆಂಡೆಯ ಪೆಟ್ಟುಗಳ ನಡುವೆ ಒಬ್ಬ ಮನುಷ್ಯ ಊಟ ಮಾಡಿ ಬರಬಹುದೇನೋ ಎಂಬಷ್ಟು ನಿಧಾನ. ಕೊನೆಯಲ್ಲಿ ಸಾವಿರ ಕೈಗಳು ಗಾಳಿಯಲ್ಲಿ. ಅಲ್ಲಿ ಮಾತಿದೆಯೇ? ಸಾಹಿತ್ಯವಿದೆಯೇ? ಇಲ್ಲ. ಆದರೂ ಗಂಟೆಗಟ್ಟಲೆ ನಿಂತು ಕೇಳುತ್ತೇವೆ. ನಿಧಾನದಿಂದ ಅಬ್ಬರಕ್ಕೆ ಏರುವ ಈ ಸುಖ ನಮಗೆ ಹೊಸದಲ್ಲ.

ಇನ್ನು ನಾದದ ಬಣ್ಣ ಎಂದೆನಲ್ಲ, ಅದನ್ನೂ ಹೇಳುತ್ತೇನೆ. ನಮ್ಮ ಜಿಲ್ಲೆಯ ಗುಡ್ಡಗಳಲ್ಲಿ ನೀರಿಗಾಗಿ ಕೊರೆದ ಸುರಂಗಗಳಿವೆ. ಅದರೊಳಗೆ ನಿಂತು ಒಂದು ಮಾತು ಆಡಿದರೆ ಮಾತು ಮುಗಿದ ಮೇಲೂ ಅದರ ಬಾಲ ಉಳಿಯುತ್ತದೆ. ಕೆಂಪುಕಲ್ಲಿನ ಕೋರೆಯ ಅಂಚಿನಲ್ಲಿ ಕೂಗಿದರೆ ಎದುರಿನ ಗೋಡೆಯಿಂದ ಅದೇ ಕೂಗು ತುಸು ತಡವಾಗಿ ಬರುತ್ತದೆ. ಗಿಟಾರಿನವರು ಕಾಲ ಬುಡದಲ್ಲಿ ಇಟ್ಟುಕೊಳ್ಳುವ ಸಣ್ಣ ಪೆಟ್ಟಿಗೆಗಳು ಈ ಎರಡು ಕೆಲಸವನ್ನು ವಿದ್ಯುತ್ತಿನಿಂದ ಮಾಡುತ್ತವೆ. ಒಂದು ಸುರಂಗದ ಬಾಲವನ್ನು ಕೊಡುತ್ತದೆ, ಇನ್ನೊಂದು ಕೋರೆಯ ಮಾರ್ದನಿಯನ್ನು ಕೊಡುತ್ತದೆ. ಮಾರ್ದನಿಯ ಮೇಲೆ ಇನ್ನೊಂದು ಸ್ವರ, ಅದರ ಮಾರ್ದನಿಯ ಮೇಲೆ ಮತ್ತೊಂದು. ಹೀಗೆ ಒಬ್ಬನೇ ಹತ್ತು ಜನರಂತೆ ಕೇಳಿಸುತ್ತಾನೆ.

ಈ ಬಗೆಯಲ್ಲಿ ಹೆಸರಾದ ತಂಡಗಳು ಹಲವು. ಸ್ಕಾಟ್‌ಲೆಂಡಿನ ಗ್ಲಾಸ್ಗೋದ 'ಮೊಗ್ವಾಯ್'. ಅಮೆರಿಕದ ಶಿಕಾಗೋದ 'ಟಾರ್ಟಾಯ್ಸ್'. ಕೆನಡಾದ ಮಾಂಟ್ರಿಯಲ್‌ನ 'ಗಾಡ್‌ಸ್ಪೀಡ್ ಯೂ ಬ್ಲ್ಯಾಕ್ ಎಂಪರರ್'. ಈ ಮಾಂಟ್ರಿಯಲ್ ತಂಡ 1997ರಲ್ಲಿ ತನ್ನ ಧ್ವನಿಮುದ್ರಿಕೆಯ 500 ಪ್ರತಿಗಳನ್ನು ಮೊದಲು ಹೊರತಂದಾಗ ಹೊದಿಕೆಗಳನ್ನು ಕೈಯಲ್ಲೇ ತಯಾರಿಸಿ, ಪ್ರತಿಯೊಂದರ ಒಳಗೆ ರೈಲಿನ ಚಕ್ರದಡಿಯಲ್ಲಿ ಚಪ್ಪಟೆ ಮಾಡಿದ ಒಂದು ನಾಣ್ಯವನ್ನು ಇಟ್ಟಿತ್ತು. ಹಳಿಯ ಮೇಲೆ ಐದು ಪೈಸೆ ಇಟ್ಟು ರೈಲಿಗೆ ಕಾದ ಕುಂಬಳೆ, ಉಪ್ಪಳ, ಮಂಜೇಶ್ವರದ ಮಕ್ಕಳಿಗೆ ಇದು ಅರ್ಥವಾಗದ ಮಾತಲ್ಲ.

ನಮಗೆ ಹೆಚ್ಚು ಹತ್ತಿರವಾಗಬೇಕಾದ ತಂಡ ಐಸ್‌ಲ್ಯಾಂಡಿನದು, ಹೆಸರು 'ಸಿಗುರ್ ರೋಸ್'. 1994ರಲ್ಲಿ ಆರಂಭವಾಯಿತು. ಅದರ ಗಾಯಕ ಗಿಟಾರನ್ನು ಬೆರಳಿನಿಂದ ಮೀಟದೆ ಪಿಟೀಲಿನ ಹಾಗೆ ಕಮಾನಿನಿಂದ ಉಜ್ಜಿ ನುಡಿಸುತ್ತಾನೆ. ಐಸ್‌ಲ್ಯಾಂಡಿನ ಒಟ್ಟು ಜನಸಂಖ್ಯೆ ನಾಲ್ಕು ಲಕ್ಷಕ್ಕೂ ಕಡಿಮೆ. ನಮ್ಮ ಕಾಸರಗೋಡು ಜಿಲ್ಲೆಯದು 2011ರ ಜನಗಣತಿಯಲ್ಲಿ 13 ಲಕ್ಷ. ಅಷ್ಟು ಸಣ್ಣ ಭಾಷೆಯವರು ಹೆಸರು ಗಳಿಸಲೆಂದು ಇಂಗ್ಲಿಷಿನಲ್ಲಿ ಹಾಡಲು ಹೊರಡಲಿಲ್ಲ. 1999ರ ಮುದ್ರಿಕೆಯಲ್ಲಿ ತಮ್ಮ ಐಸ್‌ಲ್ಯಾಂಡಿಕ್ ಭಾಷೆಯಲ್ಲಿ ಹಾಡಿದರು. 2002ರ ಮುದ್ರಿಕೆಯಲ್ಲಿ ಅರ್ಥವೇ ಇಲ್ಲದ, ಬರೀ ಉಚ್ಚಾರದ ಒಂದು ಕಲ್ಪಿತ ನುಡಿಯಲ್ಲಿ ಹಾಡಿದರು. ಅದರೊಡನೆ ಕೊಟ್ಟ ಪುಸ್ತಿಕೆಯ ಪುಟಗಳು ಖಾಲಿ: ಕೇಳುವವರು ತಮಗೆ ತೋಚಿದ ಸಾಹಿತ್ಯವನ್ನು ಬರೆದುಕೊಳ್ಳಲಿ ಎಂದು. ಜಗತ್ತು ಕೇಳಿತು. ಸಣ್ಣ ಭಾಷೆ ಎಂಬುದು ದೊಡ್ಡ ಕಿವಿಗೆ ಅಡ್ಡಿಯಾಗಲಿಲ್ಲ.

ಇಂಥ ಸಂಗೀತ ರೇಡಿಯೋದ ಮೂರು ನಿಮಿಷದ ಚೌಕಟ್ಟಿಗೆ ಹೊಂದುವುದಿಲ್ಲ, ಸಿನಿಮಾಕ್ಕೆ ಸುಲಭವಾಗಿ ಒಗ್ಗುವುದಿಲ್ಲ, ಮದುವೆ ಚಪ್ಪರದಲ್ಲಿ ಹಾಕುವಂಥದ್ದೂ ಅಲ್ಲ. ಆದ್ದರಿಂದ ಅದರ ಸುದ್ದಿ ಹರಡಿದ್ದು ಬಹುಮಟ್ಟಿಗೆ ಫ್ಯಾನ್‌ಝೀನ್‌ಗಳ ಮೂಲಕ, ಸಣ್ಣ ರೆಕಾರ್ಡ್ ಅಂಗಡಿಗಳ ಮೂಲಕ, ಅಂಚೆಯ ಮೂಲಕ. ಒಂದು ಊರಿನವನು ಬರೆದದ್ದನ್ನು ಓದಿ ಇನ್ನೊಂದು ಊರಿನವನು ದುಡ್ಡು ಕಳಿಸಿ ಕ್ಯಾಸೆಟ್ ತರಿಸಿಕೊಳ್ಳುತ್ತಿದ್ದ. ಓದಿದ ಮೇಲೆ ಕೇಳುವುದು ಅಂದಿನ ಕ್ರಮ. ಹಾಗಾಗಿ ಬರೆಯುವವನ ಮೇಲೆ ಹೊಣೆಯಿತ್ತು. ಸುಳ್ಳು ಹೊಗಳಿಕೆ ಬರೆದರೆ ಓದುಗನ ದುಡ್ಡು ಹೋಗುತ್ತಿತ್ತು, ಪತ್ರಿಕೆಯ ಮಾನ ಹೋಗುತ್ತಿತ್ತು.

ನಮ್ಮ ದೇಶದಲ್ಲಿಯೂ ಇಂಥ ಪ್ರಯತ್ನ ನಡೆದಿದೆ. 1993ರಲ್ಲಿ ಅಲಹಾಬಾದಿನಿಂದ ಅಮಿತ್ ಸೈಗಲ್ 'ರಾಕ್ ಸ್ಟ್ರೀಟ್ ಜರ್ನಲ್' ಎಂಬ ಪತ್ರಿಕೆ ಆರಂಭಿಸಿದರು. ಮುಂಬಯಿಯಲ್ಲ, ಬೆಂಗಳೂರಲ್ಲ, ಗಂಗೆ ಯಮುನೆ ಕೂಡುವ ಅಲಹಾಬಾದು. ಇಂಗ್ಲಿಷ್ ಹಾಡುಗಳ ನಕಲು ಸಾಕು, ನಮ್ಮ ತಂಡಗಳು ತಮ್ಮದೇ ಕೃತಿ ರಚಿಸಲಿ ಎಂದು ಆ ಪತ್ರಿಕೆ ಹುರಿದುಂಬಿಸಿತು. ಮುಂದೆ ಅದರ ಆಶ್ರಯದಲ್ಲಿ ದೊಡ್ಡ ಸಂಗೀತೋತ್ಸವಗಳೂ ನಡೆದವು. ಸೈಗಲ್ 2012ರಲ್ಲಿ ಗೋವೆಯಲ್ಲಿ ತೀರಿಕೊಂಡರು. 2008ರಲ್ಲಿ ಬೆಂಗಳೂರಿನ 'ಲೌಂಜ್ ಪಿರಾನ' ಪೋಸ್ಟ್-ರಾಕ್ ಧಾಟಿಯ ಮುದ್ರಿಕೆ ತಂದಿತು. ಅದೇ ವರ್ಷ ಕೇರಳದ 'ಅವಿಯಲ್' ತಂಡ ಮಲಯಾಳದಲ್ಲಿ ರಾಕ್ ಮುದ್ರಿಕೆ ತಂದಿತು. ಅವಿಯಲ್ ಎಂಬ ಹೆಸರಿನ ರುಚಿ ನಮ್ಮ ಗಡಿಯ ಎರಡೂ ಕಡೆಯವರಿಗೆ ಗೊತ್ತು.

ಈಗ ಒಂದು ಗಂಭೀರ ವಿಚಾರ. ಬರೆಯದೆ ಬಿಟ್ಟರೆ ಏನಾಗುತ್ತದೆ? ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ 1969ರಲ್ಲಿ ಒಂದು ವಿದ್ಯುನ್ಮಾನ ಸಂಗೀತ ಸ್ಟುಡಿಯೋ ತೆರೆಯಿತು. ಅಮೆರಿಕದ ಡೇವಿಡ್ ಟ್ಯೂಡರ್ ಬಂದು ಮೂಗ್ ಸಿಂಥಸೈಜರ್ ಯಂತ್ರವನ್ನು ಅಲ್ಲಿ ಸ್ಥಾಪಿಸಿಕೊಟ್ಟರು. ಗೀತಾ ಸಾರಾಭಾಯಿ, ಐ. ಎಸ್. ಮಾಥುರ್, ಅತುಲ್ ದೇಸಾಯಿ, ಎಸ್. ಸಿ. ಶರ್ಮ, ಜಿನ್‌ರಾಜ್ ಜೋಶಿಪುರ ಮುಂತಾದವರು ಅದರಲ್ಲಿ ಹೊಸ ನಾದಗಳನ್ನು ಸೃಷ್ಟಿಸಿ ಟೇಪಿನಲ್ಲಿ ತುಂಬಿದರು. ಈ ಗೀತಾ ಸಾರಾಭಾಯಿ ಸಾಮಾನ್ಯರಲ್ಲ; ಮೌನವನ್ನೇ ಕೃತಿಯಾಗಿ ಮಂಡಿಸಿದ ಅಮೆರಿಕದ ಜಾನ್ ಕೇಜ್‌ಗೆ 1940ರ ದಶಕದಲ್ಲಿ ಭಾರತೀಯ ಸಂಗೀತವನ್ನು ಪರಿಚಯಿಸಿದವರು. ಇಷ್ಟೆಲ್ಲ ನಡೆದರೂ 1972ರ ಬಳಿಕ ಆ ಟೇಪುಗಳು ಸಂಸ್ಥೆಯ ಕಪಾಟಿನಲ್ಲಿ ಉಳಿದುಬಿಟ್ಟವು. ಸುಮಾರು ನಾಲ್ಕೂವರೆ ದಶಕ ಕಳೆದ ಮೇಲೆ ಪಾಲ್ ಪರ್ಗಸ್ ಎಂಬ ಬ್ರಿಟಿಷ್ ಕಲಾವಿದರು ಬಂದು ಅವುಗಳನ್ನು ಕಂಡು, ಶುದ್ಧಗೊಳಿಸಿ, 2023ರಲ್ಲಿ ಆಯ್ದ ಭಾಗಗಳು ಮುದ್ರಿಕೆಯಾಗಿ ಬಂದವು. ಭಾರತದಲ್ಲಿ ಪ್ರಯೋಗಶೀಲ ಸಂಗೀತ ಇತ್ತೆಂಬುದು ಭಾರತದವರಿಗೇ ಹೊಸ ಸುದ್ದಿಯಾಯಿತು. ಆ ದಿನಗಳಲ್ಲಿ ಅದನ್ನು ಕೇಳಿದ ನಾಲ್ಕು ಮಂದಿ ಸೇರಿ ಎಂಟು ಪುಟದ ಒಂದು ಸೈಕ್ಲೋಸ್ಟೈಲ್ ಪತ್ರಿಕೆ ಮಾಡಿದ್ದರೆ, ಅದರ ಒಂದು ಪ್ರತಿಯಾದರೂ ಯಾರದೋ ಮನೆಯ ಅಟ್ಟದಲ್ಲಿ ಉಳಿದು ಸಾಕ್ಷಿ ಹೇಳುತ್ತಿತ್ತು.

ಇದೇ ಪ್ರಶ್ನೆಯನ್ನು ನಮ್ಮ ಊರಿಗೆ ತಿರುಗಿಸೋಣ. ತೆಂಕುತಿಟ್ಟು ಯಕ್ಷಗಾನದ ಪಿತಾಮಹನೆಂದು ನಾವು ಗೌರವಿಸುವ ಪಾರ್ತಿಸುಬ್ಬ ಕುಂಬಳೆಯವನು. ಆದರೆ ಪ್ರಸಿದ್ಧವಾದ ಆ ರಾಮಾಯಣ ಪ್ರಸಂಗಗಳ ಕರ್ತೃ ಅವನು ಹೌದೇ ಅಲ್ಲವೇ ಎಂದು ದೊಡ್ಡ ವಾದವೇ ನಡೆಯಿತು. ಶಿವರಾಮ ಕಾರಂತರು ಅಲ್ಲವೆಂದರು. ಕುಕ್ಕಿಲ ಕೃಷ್ಣ ಭಟ್ಟರು ಹೌದೆಂದು ಸಾಧಿಸಿದರು. ಇಬ್ಬರೂ ವಿದ್ವಾಂಸರೇ. ಆದರೆ ವಾದಕ್ಕೆ ಎಡೆಯಾದದ್ದು ಯಾಕೆ? ಆ ಕಾಲದಲ್ಲಿ ಆಟ ನೋಡಿದವರು ಸಾವಿರಾರು, ಅದರ ಬಗ್ಗೆ ಬರೆದಿಟ್ಟವರು ಸಿಗುವುದಿಲ್ಲ. ತಾಳೆಗರಿಯ ಕೊನೆಯ ಒಂದೆರಡು ಸಾಲನ್ನು ಹಿಡಿದು ಜಗ್ಗಾಡಬೇಕಾಯಿತು.

ಮುಂದಿನವರು ಈ ಕೊರತೆಯನ್ನು ಅರಿತುಕೊಂಡರು. ಬಡಗಿನಲ್ಲಿ ಕಡತೋಕ ಮಂಜುನಾಥ ಭಾಗವತರು, ತಾವೇ ಹಾಡುವ ಭಾಗವತರಾಗಿದ್ದುಕೊಂಡು, 'ಯಕ್ಷಗಾನ' ಎಂಬ ಮಾಸಪತ್ರಿಕೆಯನ್ನು ನಡೆಸಿದರು. ನಮ್ಮ ಕುಂಬಳೆಯಿಂದ ಎಂ. ನಾ. ಚಂಬಲ್ತಿಮಾರ್ ಅವರ ಸಂಪಾದಕತ್ವದಲ್ಲಿ 'ಕಣಿಪುರ' ಹೊರಟಿತು. ಅದೂ ಯಕ್ಷಗಾನಕ್ಕೇ ಮೀಸಲು. ಕಣಿಪುರವೆಂಬುದು ಕುಂಬಳೆಯ ಹಳೆಯ ಹೆಸರು. ಇವುಗಳನ್ನು ಯಾರೂ ಫ್ಯಾನ್‌ಝೀನ್ ಎಂದು ಕರೆಯಲಿಲ್ಲ. ಆದರೆ ಗುಣ ಅದೇ: ಕಲೆಯ ಮೇಲಿನ ಪ್ರೀತಿಯೇ ಬಂಡವಾಳ, ಸಂಪಾದಕನ ಜೇಬೇ ಬ್ಯಾಂಕು, ಓದುಗನೇ ಏಜೆಂಟು. ಕನ್ನಡ ಸಾಹಿತ್ಯದಲ್ಲಿಯೂ ಹಾಗೆಯೇ. 1962ರಲ್ಲಿ ಆರಂಭವಾದ ಅಡಿಗರ 'ಸಾಕ್ಷಿ', 1964ರ ಧಾರವಾಡದ 'ಸಂಕ್ರಮಣ', 1981ರ ಅನಂತಮೂರ್ತಿಯವರ 'ರುಜುವಾತು', 2005ರ ವಿವೇಕ ಶಾನಭಾಗರ 'ದೇಶಕಾಲ'. ಇವುಗಳ ಓದುಗರು ವಾರಪತ್ರಿಕೆಗಳ ಓದುಗರ ಮುಂದೆ ಹಿಡಿಯಷ್ಟು. ಆದರೂ ಕನ್ನಡದಲ್ಲಿ ಚರ್ಚೆಯ ದಿಕ್ಕು ತಿರುಗಿದ್ದು ಎಷ್ಟೋ ಸಲ ಈ ಹಿಡಿಯಷ್ಟು ಮಂದಿಯ ನಡುವೆ.

'ಗ್ಲಾಸ್ಗೋದ ಗಿಟಾರು, ಐಸ್‌ಲ್ಯಾಂಡಿನ ಕಮಾನು ಕಾಸರಗೋಡಿನ ಅಡಿಕೆ ತೋಟದವನಿಗೆ ಯಾಕೆ?' ಎಂದು ಹಿರಿಯರು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಇದಕ್ಕೆ ಉತ್ತರ ಮಂಜೇಶ್ವರದಲ್ಲಿದೆ. ರಾಷ್ಟ್ರಕವಿ ಗೋವಿಂದ ಪೈಗಳು ಆ ಊರಿನ ತಮ್ಮ ಮನೆಯಲ್ಲಿ ಕುಳಿತು ಜಪಾನಿನ ನೋ ನಾಟಕಗಳನ್ನು ಕನ್ನಡಕ್ಕೆ ತಂದರು. ಜಪಾನು ನಮಗೇಕೆ ಎಂದು ಅವರು ಕೇಳಿಕೊಳ್ಳಲಿಲ್ಲ. ಕನ್ನಡದಲ್ಲಿ ಅದನ್ನು ಹೇಳಲು ಸಾಧ್ಯವೇ ಎಂದು ಕೇಳಿಕೊಂಡರು, ಸಾಧ್ಯವೆಂದು ತೋರಿಸಿದರು.

ನಿಜವಾಗಿ ಇಂದು ಪಣಕ್ಕೆ ಬಿದ್ದಿರುವುದು ಇದೇ. 1956ರ ನವೆಂಬರ್ 1ರಿಂದ ನಾವು ಕೇರಳದ ಭಾಷಾ ಅಲ್ಪಸಂಖ್ಯಾತರು. ಕನ್ನಡ ಶಾಲೆ, ಕನ್ನಡ ಅರ್ಜಿ, ಕನ್ನಡ ಫಲಕ ಎಂದು ಹೋರಾಡುತ್ತ ಬಂದಿದ್ದೇವೆ. 2017ರಲ್ಲಿ ಮಲಯಾಳ ಕಲಿಕೆಯನ್ನು ಕಡ್ಡಾಯ ಮಾಡುವ ಕಾಯಿದೆ ಬಂದಾಗಲೂ ಬೀದಿಗಿಳಿದೆವು. ಇದೆಲ್ಲ ಬೇಕಾದದ್ದೇ, ನ್ಯಾಯವಾದದ್ದೇ. ಆದರೆ ಮನೆಯ ಹುಡುಗನೊಬ್ಬ ಕಿವಿಗೆ ತಂತಿ ಸಿಕ್ಕಿಸಿಕೊಂಡು ಏನನ್ನೋ ಕೇಳುತ್ತಿರುತ್ತಾನೆ. ಏನದು ಮಗಾ ಎಂದು ಕೇಳಿದರೆ ಕನ್ನಡದಲ್ಲಿ ಹೇಳಲು ಅವನಿಗೆ ಶಬ್ದ ಸಿಗುವುದಿಲ್ಲ. 'ನಿಮಗೆ ಗೊತ್ತಾಗ್ಲಿಕ್ಕಿಲ್ಲ ಅಜ್ಜಾ' ಎಂದು ಸುಮ್ಮನಾಗುತ್ತಾನೆ. ಹೋರಾಟಕ್ಕೆ ಕನ್ನಡ, ಪೂಜೆಗೆ ಕನ್ನಡ, ಹಳೆಯ ನೆನಪಿಗೆ ಕನ್ನಡ. ಹೊಸ ಕುತೂಹಲಕ್ಕೆ ಮಾತ್ರ ಇಂಗ್ಲಿಷ್ ಅಥವಾ ಮಲಯಾಳ ಎಂದಾದರೆ, ಯಾವ ಕಾಯಿದೆಯೂ ನಮ್ಮ ಭಾಷೆಯನ್ನು ಉಳಿಸಲಾರದು. ತಾನು ಇಷ್ಟಪಡುವುದರ ಬಗ್ಗೆ ಮನೆಮಾತಿನಲ್ಲಿ ನಾಲ್ಕು ಪುಟ ಬರೆದ ಹುಡುಗ ಆ ಭಾಷೆಯನ್ನು ಸುಲಭದಲ್ಲಿ ಬಿಡುವುದಿಲ್ಲ.

ಹಾಗಾದರೆ ಮಾಡುವುದು ಹೇಗೆ? ಲೆಕ್ಕ ಸರಳ. ಸಾಮಾನ್ಯ ಎ-ನಾಲ್ಕು ಅಳತೆಯ ನಾಲ್ಕು ಹಾಳೆ ತೆಗೆದುಕೊಳ್ಳಿ. ಒಂದರ ಮೇಲೊಂದಿಟ್ಟು ನಡುವೆ ಮಡಚಿ. ಹದಿನಾರು ಪುಟದ ಪುಸ್ತಿಕೆ ಆಯಿತು. ಪುಟ ಸಂಖ್ಯೆಯ ಗುಟ್ಟು ಇಷ್ಟೇ: ಹಾಳೆಯ ಒಂದೇ ಬದಿಯಲ್ಲಿ ಅಕ್ಕಪಕ್ಕ ಬರುವ ಎರಡು ಪುಟಗಳನ್ನು ಕೂಡಿಸಿದರೆ ಯಾವಾಗಲೂ 17 ಬರಬೇಕು. ಹೊರಗಿನ ಹಾಳೆಯ ಹೊರಬದಿಯಲ್ಲಿ ಎಡಕ್ಕೆ 16, ಬಲಕ್ಕೆ 1. ಅದರ ಒಳಬದಿಯಲ್ಲಿ ಎಡಕ್ಕೆ 2, ಬಲಕ್ಕೆ 15. ಎರಡನೆಯ ಹಾಳೆಯಲ್ಲಿ 14 ಮತ್ತು 3, ಒಳಬದಿಯಲ್ಲಿ 4 ಮತ್ತು 13. ಹೀಗೆಯೇ ಮುಂದೆ. ನಡು ಮಡಿಕೆಗೆ ಎರಡು ಪಿನ್ನು ಹೊಡೆದರೆ ಕೆಲಸ ಮುಗಿಯಿತು. ಐವತ್ತು ಪ್ರತಿಗೆ ಇನ್ನೂರು ಹಾಳೆ. ಜೆರಾಕ್ಸ್ ಅಂಗಡಿ ಇಲ್ಲದ ಪೇಟೆ ಈಗ ನಮ್ಮಲ್ಲಿಲ್ಲ. ಐದಾರು ಮಂದಿ ಹಂಚಿಕೊಂಡರೆ ಯಾರ ಜೇಬಿಗೂ ಭಾರವಿಲ್ಲ. ಗೆಳೆಯರೊಳಗೆ ಹಂಚುವುದನ್ನು ಮೀರಿ, ನಿಯತವಾಗಿ ಮಾರುವ ಪತ್ರಿಕೆಯಾಗಿಸುವುದಾದರೆ ನೋಂದಣಿಯ ನಿಯಮವನ್ನು ವಿಚಾರಿಸಿಕೊಳ್ಳಬೇಕು. 1867ರ ಹಳೆಯ ಕಾಯಿದೆ ಹೋಗಿ 2023ರ ಹೊಸ ಕಾಯಿದೆ 2024ರ ಮಾರ್ಚ್ 1ರಿಂದ ಜಾರಿಗೆ ಬಂದಿದೆ.

ಒಳಗೆ ಏನಿರಬೇಕು? ಮೊದಲನೆಯದಾಗಿ, ಕೇಳದವನಿಗೆ ಕೇಳಿಸುವಂತೆ ಬರೆದ ಒಂದು ವಿವರ. 'ಅದ್ಭುತ', 'ಅಮೋಘ' ಎಂದು ಬರೆದರೆ ಏನೂ ಕೇಳಿಸುವುದಿಲ್ಲ. ಎಲ್ಲಿ ಆರಂಭವಾಯಿತು, ಯಾವ ವಾದ್ಯ ಯಾವಾಗ ಸೇರಿತು, ಎಲ್ಲಿ ಮೈ ಜುಮ್ಮೆಂದಿತು ಎಂದು ಬರೆಯಬೇಕು. ಎರಡನೆಯದು, ಒಬ್ಬರೊಡನೆ ಮಾತುಕತೆ. ಅವರು ದೂರದವರೇ ಆಗಬೇಕೆಂದಿಲ್ಲ. ನಿಮ್ಮ ಊರಿನ ಚೆಂಡೆಯವರು, ತೆಯ್ಯಕ್ಕೆ ಬಾರಿಸುವವರು, ಪಾಡ್ದನ ಹೇಳುವ ಅಜ್ಜಿ, ಕಾಲೇಜಿನ ಬ್ಯಾಂಡಿನ ಹುಡುಗಿ ಯಾರಾದರೂ ಆದೀತು. ಪಡ್ರೆಯಲ್ಲಿ ಹುಟ್ಟಿ, ತಮ್ಮದೇ ಒಂದು ಶೈಲಿಯನ್ನು ಬೆಳೆಸಿದ ಬಲಿಪ ನಾರಾಯಣ ಭಾಗವತರು 2023ರಲ್ಲಿ ನಮ್ಮನ್ನು ಅಗಲಿದರು. ಅವರ ಹಾಡುಗಾರಿಕೆಯ ಧ್ವನಿಮುದ್ರಣಗಳು ಉಳಿದಿವೆ, ಅದು ಭಾಗ್ಯ. ಆದರೆ ಚೌಕಿಯಲ್ಲಿ ಕುಳಿತು ಅವರಂಥ ಹಿರಿಯರು ಆಡಿದ ಮಾತುಗಳು? ಅವುಗಳನ್ನು ಬರೆದುಕೊಳ್ಳಲು ಪೆನ್ನು ಸಾಕಿತ್ತು. ಮೂರನೆಯದು, ಓದುಗರ ಪತ್ರ. ಜಗಳವಿದ್ದರೆ ಇನ್ನೂ ಒಳ್ಳೆಯದು. ಅಭಿಮಾನವೆಂದರೆ ಹೊಗಳಿಕೆಯಷ್ಟೇ ಅಲ್ಲ. ನಿನ್ನೆಯ ಆಟದಲ್ಲಿ ಚೆಂಡೆ ಪದವನ್ನು ನುಂಗಿತು ಎಂದು ಧೈರ್ಯದಿಂದ ಹೇಳುವವನೇ ನಿಜವಾದ ಅಭಿಮಾನಿ.

ನಮಗೆ ಇನ್ನೊಂದು ಅನುಕೂಲವೂ ಇದೆ. ನಾವು ಎರಡು ಭಾಷೆಯವರು. ತುಳು, ಕೊಂಕಣಿ, ಮರಾಠಿ, ಬ್ಯಾರಿ ಸೇರಿಸಿದರೆ ಇನ್ನೂ ಹೆಚ್ಚು. ಹದಿನಾರು ಪುಟದಲ್ಲಿ ಹನ್ನೆರಡು ಕನ್ನಡಕ್ಕೆ, ನಾಲ್ಕು ಮಲಯಾಳಕ್ಕೆ ಇಡಬಹುದು. ಪಂಚಾರಿಯ ಬಗ್ಗೆ ಮಲಯಾಳ ಬಲ್ಲ ಗೆಳೆಯ ಬರೆಯಲಿ, ಹಿಮ್ಮೇಳದ ಬಗ್ಗೆ ನೀವು ಬರೆಯಿರಿ. ಒಬ್ಬರದನ್ನು ಇನ್ನೊಬ್ಬರು ಅನುವಾದಿಸಲಿ. ಬೆಂಗಳೂರಿನ ಪತ್ರಿಕೆಗೂ ತಿರುವನಂತಪುರದ ಪತ್ರಿಕೆಗೂ ಸುಲಭವಲ್ಲದ ಕೆಲಸ ಇದು. ನಮಗೆ ದಿನನಿತ್ಯದ ಮಾತು.

ಇಂಥ ಪತ್ರಿಕೆಗೆ ಆಯುಷ್ಯ ಕಡಿಮೆ ಎಂಬುದು ನಿಜ. ಒಬ್ಬನಿಗೆ ಕೆಲಸ ಸಿಗುತ್ತದೆ, ಇನ್ನೊಬ್ಬಳಿಗೆ ಮದುವೆಯಾಗುತ್ತದೆ, ಮತ್ತೊಬ್ಬ ಗಲ್ಫಿಗೆ ಹೋಗುತ್ತಾನೆ. ಐದನೆಯ ಸಂಚಿಕೆಗೆ ಪತ್ರಿಕೆ ನಿಲ್ಲುತ್ತದೆ. ಅದಕ್ಕೆ ನಾಚಬೇಕಾದ್ದಿಲ್ಲ, ಲಂಡನ್ನಿನ ಪೆರಿಯೂ ಹನ್ನೆರಡು ಸಂಚಿಕೆಗೆ ನಿಲ್ಲಿಸಿದ. ಆದರೆ ಒಂದು ಕೆಲಸವನ್ನು ಮರೆಯಬಾರದು. ಪ್ರತಿ ಸಂಚಿಕೆಯ ಎರಡು ಪ್ರತಿಯನ್ನು ಊರಿನ ಗ್ರಂಥಾಲಯಕ್ಕೆ, ಒಂದನ್ನು ಹತ್ತಿರದ ಕಾಲೇಜಿಗೆ ಕೊಟ್ಟು ರಶೀದಿ ಪಡೆಯಿರಿ. ಮೊಬೈಲಿನಲ್ಲಿ ಎಲ್ಲವೂ ಉಳಿಯುತ್ತದೆ ಎಂದು ನಂಬಬೇಡಿ. ಫೋನು ಬದಲಾದಾಗ ಹಳೆಯ ಫೋಟೋ ಎಷ್ಟು ಹೋಯಿತೆಂದು ನಿಮಗೇ ಗೊತ್ತು. ಕಾಗದಕ್ಕೂ ಗೆದ್ದಲು ಉಂಟು. ಆದರೆ ಐವತ್ತು ಮನೆಗಳಿಗೆ ಒಂದೇ ಸಲ ಗೆದ್ದಲು ಹಿಡಿಯುವುದಿಲ್ಲ.

ಮುಂದಿನ ಸಲ ಮನೆಯ ಮಕ್ಕಳು ಏನನ್ನೋ ಕೇಳುತ್ತಿರುವುದು ಕಂಡರೆ, ಶಬ್ದ ಕಡಿಮೆ ಮಾಡು ಎನ್ನುವ ಮೊದಲು ಹತ್ತು ನಿಮಿಷ ಜೊತೆಗೆ ಕುಳಿತು ಕೇಳಿ. ಬಳಿಕ ಒಂದು ಹಾಳೆ ಕೊಟ್ಟು, 'ಇದೇನೆಂದು ನನಗೆ ತಿಳಿಯುವ ಹಾಗೆ ಬರೆದುಕೊಡು' ಎನ್ನಿ. ಮೊದಲ ಪುಟ ಅದೇ ಆಗಲಿ.